ಮೂರು ಗಂಟೆಗೆ ಬಂದ ಗಾಳಿ

ಪುಂತಾ ಗಾವಿಯೋತಾ, ರೋಚಾ
ಆಗಸ್ಟ್ 26, ಶುಕ್ರವಾರ

ಪ್ರೀತಿಯ ಮಿಲ್ಟನ್,

ಮಂಗಳವಾರ ಸಂಜೆ ನೀನು ಮೀನುಗಾರರ ಸಂಘದ ಫೋನಿಗೆ ಕರೆ ಮಾಡಿದಾಗ, ಸಾನ್ ರಮೋನಿನ ಸಿಸ್ಟರ್ ಎದುವಿಹೆಸ್ ಅವರ ರೇಡಿಯೊ ಆಂಟೆನಾ ಕಾನ್ವೆಂಟಿನ ಕೋಳಿಗೂಡಿನ ಮೇಲೆ ಬಿದ್ದ ಕಥೆ ಹೇಳಿದೆಯಲ್ಲ, ನಾನು ನಕ್ಕುಬಿಟ್ಟೆ. ನೀನು ತಟ್ಟನೆ ಸುಮ್ಮನಾದೆ. ಆಮೇಲೆ "ಸರಿ, ಎಲ್ಲ ಕ್ಷೇಮ ತಾನೆ, ಇಡ್ತೀನಿ" ಅಂದು ಇಟ್ಟೇಬಿಟ್ಟೆ. ನನ್ನ ಬೆನ್ನ ಹಿಂದೆ ಅರ್ಧ ಊರೇ ನಿಂತಿತ್ತು, ಮತ್ತೆ ಕರೆ ಮಾಡುವ ಧೈರ್ಯ ಬರಲಿಲ್ಲ. ಆದರೆ ನೀನು ಯಾಕೆ ಸುಮ್ಮನಾದೆ ಎಂದು ನನಗೆ ಗೊತ್ತು. ಹನ್ನೊಂದು ವರ್ಷವಾದ ಮೇಲೆ ನೀನು ಕೇಳಿದ ನನ್ನ ಮೊದಲ ನಗು ಅದು. ಅದಕ್ಕೇ ಈ ಕಾಗದ.

ಆ ಅಕ್ಟೋಬರಿನಲ್ಲಿ ನೀನು ಮನೆಮನೆಗೂ ಹೋಗಿ, ಬಿರುಗಾಳಿ ಬರುತ್ತದೆ, ಎರಡು ದಿನ ಯಾರೂ ಕಡಲಿಗೆ ಇಳಿಯಬೇಡಿ ಎಂದು ಬೇಡಿಕೊಂಡೆ. ಎಲ್ಲರೂ ಮಾತು ಕೇಳಿದರು. ಎರಡು ದಿನವೂ ಕಡಲು ತಟ್ಟೆಗೆ ಸುರಿದ ಹಾಲಿನಂತೆ ಮಲಗಿತ್ತು. ಪಕ್ಕದೂರಿನವರು ದೋಣಿ ತುಂಬ ಶಾರ್ಕ್ ಹಿಡಿದು ತಂದರು. ಮೂರನೆಯ ದಿನ ಮೀನುಗಾರ ಎಬೆರ್ ತನ್ನ ಅಜ್ಜಿಯ ಬೀಸಣಿಗೆ ತಂದು, ಚೌಕದ ನಡುವೆ ನಿನ್ನ ಮುಂದೆ ಮಂಡಿಯೂರಿ, "ತಗೊಳ್ಳಿ ದೋನ್ ಮಿಲ್ಟನ್, ನೀವು ಹೇಳಿ ಕಳಿಸಿದ್ರಲ್ಲ, ಗಾಳಿ ಬಂತು" ಎಂದು ಬೀಸತೊಡಗಿದ. ಊರೆಲ್ಲ ನಕ್ಕಿತು. ನೀನು ಜನರ ನಡುವೆ ನನ್ನನ್ನು ಹುಡುಕಿದೆ. ನಾನು ಕಣ್ಣಿಗೆ ಸಿಕ್ಕೆ. ನಾನೂ ನಗುತ್ತಿದ್ದೆ.

ಒಂದು ವಾರ ಬಿಟ್ಟು ನೀನು, ದೇಶದ ಪಶ್ಚಿಮದ ಊರು ಮೆರ್ಸೆದೆಸ್‌ನಲ್ಲಿರುವ ತಮ್ಮನ ಟೈರ್ ಅಂಗಡಿಗೆ ಜನ ಸಾಲದು, ಒಂದು ತಿಂಗಳು ಹೋಗಿಬರುತ್ತೇನೆ ಎಂದು ಹೊರಟೆ. ನಾನು ಬಸ್ಸಿನವರೆಗೂ ಬಂದು ಥರ್ಮಾಸಿಗೆ ಬಿಸಿನೀರು ತುಂಬಿಕೊಟ್ಟೆ, ಮಾಟೆ ಚಹಾದ ಪುಡಿ ಕಟ್ಟಿಕೊಟ್ಟೆ. ಇಬ್ಬರೂ ಆ ನಗುವಿನ ಮಾತೆತ್ತಲಿಲ್ಲ. ಊರವರು ಕೇಳಿದಾಗೆಲ್ಲ ಟೈರ್ ಅಂಗಡಿ ಎಂದೆ. ಆರು ತಿಂಗಳಾದ ಮೇಲೆ ಅವರೂ ಕೇಳುವುದನ್ನು ಬಿಟ್ಟರು.

ಯಾಕೆ ನಕ್ಕೆ ಎಂದು ನನ್ನನ್ನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಎಬೆರ್ ಮಾಡಿದ್ದು ತಮಾಷೆಯಾಗಿತ್ತು ಅಂತಲ್ಲ. ನಗದಿದ್ದರೆ ಬೀಸಣಿಗೆ ನನ್ನ ಕಡೆಗೂ ತಿರುಗುತ್ತಿತ್ತು. ಅಷ್ಟೇ. ಹೆದರಿ ನಕ್ಕೆ, ಮಿಲ್ಟನ್. ನಿನ್ನ ಪಕ್ಕ ಬಂದು ನಿಲ್ಲುವುದಕ್ಕೆ ಹತ್ತು ಹೆಜ್ಜೆ ಸಾಕಿತ್ತು. ನಿಲ್ಲಲಿಲ್ಲ.

ಇನ್ನೊಂದು ಮಾತು. ನೀನು ಬಿಟ್ಟುಹೋದ ಹಳೆಯ ವಾಯುಭಾರ ಮಾಪಕವನ್ನು ನಾನು ಮೊದಲು ಓದಲು ಶುರುಮಾಡಿದ್ದು ಸಿಟ್ಟಿನಿಂದ. ನೀನು ಹೇಳಿದ್ದೆಲ್ಲ ಸುಳ್ಳು ಎಂದು ತೋರಿಸಬೇಕೆಂದು. ಒಂದು ವರ್ಷ ಓದಿದ ಮೇಲೆ ಗೊತ್ತಾಯಿತು, ಆ ಅಕ್ಟೋಬರಿನಲ್ಲಿ ನಿನ್ನ ಜಾಗದಲ್ಲಿ ನಾನಿದ್ದರೂ ಮನೆಮನೆಗೆ ಹೋಗಿಯೇ ಹೋಗುತ್ತಿದ್ದೆ ಎಂದು. ಆಮೇಲೆ ಹಳೆಯ ರೇಡಿಯೊ ಕೊಂಡು, ಊರೂರಿನಿಂದ ಅಂಕಿ ಹೇಳುವ ಹವಾಮಾನ ಗೆಳೆಯರ ಬಳಗಕ್ಕೆ ಸೇರಿದೆ. ಗಾಳಿ ಮಳೆಯ ಹುಚ್ಚು ಹಿಡಿದು ಸೇರಿದವಳು ಎಂದು ನೀವೆಲ್ಲ ಅಂದುಕೊಂಡಿರಿ. ಹುಚ್ಚು ಆಮೇಲೆ ಹಿಡಿಯಿತು. ಸೇರಿದ್ದು ನೀನು ಇದ್ದೀಯೋ ಇಲ್ಲವೋ ತಿಳಿಯಲು. ಪ್ರತಿದಿನ ಬೆಳಿಗ್ಗೆ ಏಳಕ್ಕೆ "ಮೆರ್ಸೆದೆಸ್, ಒತ್ತಡ ಸಾವಿರದ ಹದಿನಾಲ್ಕು, ತೆಂಕಣ ಗಾಳಿ, ಮಳೆ ಇಲ್ಲ" ಎನ್ನುವ ನಿನ್ನ ಧ್ವನಿ. ನಿನಗೆ ನೆಗಡಿಯಾದ ದಿನ ಗೊತ್ತಾಗುತ್ತಿತ್ತು. ಕೆಳಗಿನ ಹಲ್ಲು ಕಟ್ಟಿಸಿಕೊಂಡದ್ದೂ ಗೊತ್ತಾಯಿತು. ಕೊನೆಯಲ್ಲಿ ನನ್ನ ಸರದಿ, ನಾನಿರುವುದು ಎಲ್ಲರಿಗಿಂತ ಪೂರ್ವಕ್ಕಲ್ಲವೇ. ನನ್ನ ಅಂಕಿ ಮುಗಿಯುವವರೆಗೂ ನೀನು ರೇಡಿಯೊ ಆರಿಸುತ್ತಿರಲಿಲ್ಲ, ಕೊನೆಗೆ ನೀನು ಗುಂಡಿ ಒತ್ತಿ ಬಿಡುವ ಟಿಕ್ ಸದ್ದು ನನಗೆ ಕೇಳಿಸುತ್ತಿತ್ತು.

ಈಗ ಮಂಗಳವಾರದ ವಿಷಯ. ಫೋನಿನಲ್ಲಿ ಅರ್ಧವನ್ನೂ ಹೇಳಲಿಲ್ಲ.

ಬೆಳಿಗ್ಗೆಯೇ ಸೆಕೆ. ನಡುಚಳಿಗಾಲದಲ್ಲಿ ಇಪ್ಪತ್ತೈದು ಡಿಗ್ರಿ, ಬಡಗಣ ದಿಕ್ಕಿನಿಂದ ಬೆಚ್ಚನೆಯ ಗಾಳಿ, ಒಂದು ಚೂರು ಮೋಡವಿಲ್ಲ. ಸಂಘದ ಡೆಲ್ಮೀರಾ ಕೋಟು ಕಳಚಿ ಬೇಲಿಗೆ ಹಾಕಿದ್ದಳು. ಐದು ದೋಣಿಗಳೂ ಹೋಗಿದ್ದವು, ಒಂದು ಗಂಟೆಗೂ ಹೆಚ್ಚಿನ ದಾರಿ ದೂರಕ್ಕೆ. ಒಂಬತ್ತು ನಲವತ್ತಕ್ಕೆ ನೀನು ಹೊತ್ತಲ್ಲದ ಹೊತ್ತಿನಲ್ಲಿ ರೇಡಿಯೊಗೆ ಬಂದೆ. "ಮೆರ್ಸೆದೆಸ್. ಬಿರುಗಾಳಿಯ ಸಾಲು ಈಗ ದಾಟಿತು. ಗಾಳಿ ಗಂಟೆಗೆ ನೂರಾ ಹದಿನೆಂಟು. ಒತ್ತಡ ಒಮ್ಮೆಗೇ ಆರು ಏರಿತು." ನಿನ್ನ ಹಿಂದೆ ತಗಡು ಬಡಿದುಕೊಳ್ಳುವ ಸದ್ದು. ಹನ್ನೊಂದು ಇಪ್ಪತ್ತಕ್ಕೆ ದುರಾಸ್ನೊದ ಔಷಧಿ ಅಂಗಡಿಯ ಲೆಲಿಯೊ ಬಂದರು. "ನಮ್ಮಲ್ಲೂ ದಾಟಿತು, ನೂರಾ ಇಪ್ಪತ್ತು, ನನ್ನ ಬೋರ್ಡು ಯಾರ ಮನೆಗೆ ಹೋಯ್ತೋ ಗೊತ್ತಿಲ್ಲ." ನಾನು ಭೂಪಟದ ಮೇಲೆ ಪೆನ್ಸಿಲ್ಲಿನಿಂದ ಗೆರೆ ಎಳೆದೆ. ಸಾಲಿನ ಓಟ ಗಂಟೆಗೆ ಎಂಬತ್ತು ಕಿಲೋಮೀಟರ್. ಹನ್ನೆರಡು ನಲವತ್ತಕ್ಕೆ ಸಾನ್ ರಮೋನ್. ಮೂರಕ್ಕೆ ನಾವು.

ಲೆಲಿಯೊ ಮಾತು ಮುಗಿಸಿದ ತಕ್ಷಣವೇ ನಾನು ಓಡಬೇಕಿತ್ತು. ಓಡಲಿಲ್ಲ. ಸಾನ್ ರಮೋನಿನ ಸುದ್ದಿಯೂ ಬರಲಿ, ಮೂರು ಊರಿನ ಮಾತಿದ್ದರೆ ಯಾರೂ ನಗುವುದಿಲ್ಲ ಎಂದು ಕಾದೆ. ಹನ್ನೆರಡು ನಲವತ್ತಾಯಿತು. ನಲವತ್ತೈದಾಯಿತು. ಸಿಸ್ಟರ್ ರೇಡಿಯೊಗೆ ಬರಲಿಲ್ಲ. ಸಾಲು ದಾರಿಯಲ್ಲೇ ಸತ್ತುಹೋಯಿತೇನೋ ಅಂದುಕೊಂಡೆ. ನಿಜ ಹೇಳುತ್ತೇನೆ, ಮನಸ್ಸಿಗೆ ಹಾಯೆನಿಸಿತು. ಇನ್ನು ಯಾರ ಮುಂದೆಯೂ ಹೋಗಬೇಕಾಗಿಲ್ಲ ಎಂದು. ಹಾಗೆ ಹಾಯೆನಿಸಿದ್ದಕ್ಕೇ ನಾಚಿಕೆಯಾಗಿ ಗುಂಡಿ ಒತ್ತಿ ನಿನ್ನ ಹೆಸರು ಹಿಡಿದು ಕರೆದೆ.

ನೀನು "ಮೆರ್ಸೆದೆಸ್ ಕೇಳ್ತಾ ಇದೆ" ಅಂದೆ, ಯಾರೋ ಪರಕೀಯರ ಹತ್ತಿರ ಮಾತಾಡುವಂತೆ.

"ಅದು ಬದುಕಿದೆಯೋ ಸತ್ತಿದೆಯೋ ಮಿಲ್ಟನ್?"

"ನನ್ನನ್ನ ಕೇಳ್ಬೇಡ ಒಫೀಲಿಯಾ. ಒಂದ್ಸಲ ಹೇಳಿ ಆಯ್ತಲ್ಲ, ಸಾಕು."

"ಊರಿಗೆ ನೀನು ಹೇಳ್ಬೇಡ. ನನಗೆ ಹೇಳು. ಕೂಗೋದು ನನ್ನ ಕೆಲಸ."

ಮತ್ತೆ ಆ ಟಿಕ್ ಸದ್ದು. ಆಮೇಲೆ ನಿನ್ನ ಹಳೆಯ ಧ್ವನಿ ಬಂತು, ಊಟದ ಮೇಜಿನ ಮೇಲೆ ಬೆರಳಿನಿಂದ ಗೆರೆ ಎಳೆದು ನನಗೆ ಗಾಳಿಯ ಪಾಠ ಹೇಳುತ್ತಿದ್ದ ಧ್ವನಿ. "ಬರ್ಕೋ. ಹಿಂದೆ ಇರೋ ಗಾಳಿ ತಣ್ಣಗಿದೆ, ಇಲ್ಲಿ ಹತ್ತು ನಿಮಿಷಕ್ಕೆ ಹನ್ನೊಂದು ಡಿಗ್ರಿ ಇಳೀತು. ನಿನ್ನ ಹತ್ರ ಸೆಕೆ ಇದೆಯಲ್ಲ, ಅದೇ ಅದರ ಊಟ. ಇಂಥದು ದಾರೀಲಿ ಸಾಯಲ್ಲ. ಸಾನ್ ರಮೋನ್ ಮಾತಾಡ್ತಿಲ್ಲ ಅಂದ್ರೆ ಅದು ಸತ್ತಿದೆ ಅಂತಲ್ಲ ಕಣೇ, ಅಲ್ಲಿಗೆ ತಲುಪಿದೆ ಅಂತ. ಹೋಗು. ಓಡು."

ಅರವತ್ತೆರಡರ ಮುದುಕಿ, ಮರಳಿನಲ್ಲಿ, ಚಪ್ಪಲಿ ಕೈಯಲ್ಲಿ ಹಿಡಿದು ಓಡಿದೆ. ಸಂಘದ ಕೋಣೆಯಲ್ಲಿ ದೋಣಿಗಳ ರೇಡಿಯೊ ನೋಡಿಕೊಳ್ಳುವ ಡೆಲ್ಮೀರಾ ಗೋಡೆಗೆ ಒರಗಿ ಉಗುರು ಕತ್ತರಿಸಿಕೊಳ್ಳುತ್ತಿದ್ದಳು. ಕಿಟಕಿಯ ಬಳಿ ನಾಲ್ಕು ಜನ ಮುದುಕರು ಇಸ್ಪೀಟು ಆಡುತ್ತಿದ್ದರು. ನಾನು ವಿಷಯ ಹೇಳಿದೆ. ಒಬ್ಬ ಎಲೆಯಿಂದ ಕಣ್ಣೆತ್ತದೆ ಅಂದ: "ಸಂತ ರೋಸಾಳ ಹಬ್ಬದ ಬಿರುಗಾಳಿಗೆ ಇನ್ನೂ ಒಂದು ವಾರ ಇದೆಯಮ್ಮ. ಅವಳು ಯಾವತ್ತೂ ಮುಂಚೆ ಬಂದವಳಲ್ಲ." ಡೆಲ್ಮೀರಾ ನಗಲಿಲ್ಲ. ಅವಳ ಗಂಡ ನೇರಿ ಕಡಲಿನಲ್ಲಿದ್ದ. ರೇಡಿಯೊ ನನ್ನ ಕೈಗೆ ಕೊಟ್ಟಳು.

ನಾನು ಹೇಳಿ ಮುಗಿಸುವ ಮೊದಲೇ ಎಬೆರ್ ಶುರುಮಾಡಿದ. "ಓಹೋ ದೋನ್ಯಾ ಒಫೀಲಿಯಾ! ಯಜಮಾನ್ರು ಅಲ್ಲಿಂದಾನೂ ಗಾಳಿ ಮಾರ್ತಿದಾರಾ? ಇಲ್ಲಿ ನಾವು ಅಂಗಿ ಬಿಚ್ಚಿ ಕೂತಿದೀವಿ. ಶಾರ್ಕು ತಾವಾಗೇ ದೋಣಿ ಹತ್ತುತ್ತಾ ಇವೆ!" ಹಿಂದೆ ಅವನ ಜೊತೆಯವರ ನಗು. ಕೋಣೆಯಲ್ಲಿ ಮುದುಕರ ನಗು.

ಆಗ ಏನಾಯಿತೋ. ಐದು ದೋಣಿಗೂ ಕೇಳುವಂತೆ ಹೇಳಿದೆ: "ಎಬೆರ್, ಅವತ್ತು ನೀನು ಬೀಸಣಿಗೆ ತಂದಾಗ ನಾನೂ ನಕ್ಕೆ. ನನ್ನ ಗಂಡ ಅದನ್ನ ನೋಡಿದ. ನೋಡಿ ಊರು ಬಿಟ್ಟ. ಟೈರೂ ಇಲ್ಲ, ಅಂಗಡೀನೂ ಇಲ್ಲ, ನಾನು ನಿಮಗೆಲ್ಲ ಹೇಳಿದ್ದು ಸುಳ್ಳು. ಇವತ್ತು ಮೂರು ಗಂಟೆಗೆ ಗಾಳಿ ಬರದೇ ಹೋದ್ರೆ, ನಾಳೆ ಚೌಕದಲ್ಲಿ ನಾನೇ ಬಂದು ಕೂತ್ಕೋತೀನಿ, ಸಂಜೆವರೆಗೂ ನಗಿ. ಆದ್ರೆ ನಗೋಕೆ ಹದಿನಾಲ್ಕು ಜನಾನೂ ದಡದಲ್ಲಿ ಇರ್ಬೇಕು."

ಆಮೇಲೆ ನೇರಿಯ ಧ್ವನಿ, ಮೆತ್ತಗೆ: "ಬಲೆ ಎಳೀರೋ." ಅವನ ಹಿಂದೆ ಇನ್ನೊಂದು ದೋಣಿ, ಮತ್ತೊಂದು, ಮತ್ತೊಂದು. ಎಬೆರ್ ಬರಲಿಲ್ಲ. "ನೀವು ಹೋಗ್ರಪ್ಪ, ನಿಮ್ಮ ಪಾಲಿನ ಮೀನೂ ನಂಗೇ" ಅಂದ. ಅರ್ಧ ಗಂಟೆ ಒಬ್ಬನೇ ಇದ್ದು, ಸುತ್ತ ಯಾರೂ ಇಲ್ಲದ್ದು ನೋಡಿ ಅವನಿಗೇ ಕಸಿವಿಸಿಯಾಗಿರಬೇಕು, ಅವನೂ ತಿರುಗಿದ.

ಎರಡೂವರೆಯಿಂದ ದೋಣಿಗಳು ಒಂದೊಂದಾಗಿ ದಡಕ್ಕೆ ಬಂದವು, ಟ್ರ್ಯಾಕ್ಟರ್ ಎಳೆದು ಮೇಲೆ ಹಾಕಿತು. ಆಗಲೂ ಬಿಸಿಲು. ಒಬ್ಬಿಬ್ಬರು ನನ್ನನ್ನು ನೋಡಿ ಆಕಾಶ ನೋಡಿದರು. ಎರಡು ಐವತ್ತಕ್ಕೆ ಬಡಗಣ ಗಾಳಿ ಬಿದ್ದುಹೋಯಿತು. ನಾಯಿಗಳು ಮನೆಯೊಳಗೆ ಹೋದವು. ಪಶ್ಚಿಮದಲ್ಲಿ, ನೆಲಕ್ಕೆ ತಾಗುವಷ್ಟು ಕೆಳಗೆ, ಸುತ್ತಿದ ಹಾಸಿಗೆಯಂಥ ಕಪ್ಪು ಮೋಡ ಆ ಕೊನೆಯಿಂದ ಈ ಕೊನೆಯವರೆಗೆ ಉರುಳುತ್ತ ಬಂತು. ಮಿಲ್ಟನ್, ನಾವಿಬ್ಬರೂ ಪುಸ್ತಕದಲ್ಲಿ ಎಷ್ಟು ಸಲ ನೋಡಿದ್ದ ಚಿತ್ರ ಅದು! ಹೆದರಿಕೆಯ ನಡುವೆಯೂ, ಇದನ್ನು ನೀನು ನೋಡಬೇಕಿತ್ತು ಎನಿಸಿ ಕಣ್ಣು ತುಂಬಿತು.

ಎಬೆರನ ದೋಣಿ ದಡದಿಂದ ನೂರು ಗಜ ದೂರದಲ್ಲಿದ್ದಾಗ ಗಾಳಿ ಬಡಿಯಿತು. ಮೂರು ಗಂಟೆ ನಾಲ್ಕು ನಿಮಿಷ. ಮರಳು ಮೊಳೆಯಂತೆ ಮುಖಕ್ಕೆ ಚುಚ್ಚಿತು, ಪಕ್ಕದವರು ಕಾಣಲಿಲ್ಲ. ದೋಣಿ ಅಡ್ಡವಾಯಿತು, ಮಗುಚಿತು. ನೇರಿ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ನೀರಿಗೆ ಇಳಿದ. ಹಗ್ಗದ ಈ ತುದಿಯಲ್ಲಿ ನಾವು ಇಪ್ಪತ್ತು ಜನ, ಇಸ್ಪೀಟು ಆಡುತ್ತಿದ್ದ ಆ ನಾಲ್ವರೂ, ನಾನೂ. ನನ್ನ ಅಂಗೈಯ ಚರ್ಮ ಕಿತ್ತುಹೋಗಿದೆ, ಅದಕ್ಕೇ ಅಕ್ಷರ ಹೀಗಿದೆ, ಬೇಸರಿಸಬೇಡ. ಮೊದಲು ಅವನ ಜೊತೆಯ ಇಬ್ಬರು ಬಂದರು. ಕೊನೆಗೆ ಎಬೆರ್, ಒಂದು ತೋಳು ಜೋತುಬಿದ್ದಿತ್ತು. ಕೊರಳಿನ ಕೆಳಗಿನ ಮೂಳೆ ಮುರಿದಿದೆ. ದೋಣಿ ಚೂರುಚೂರು.

ಇಪ್ಪತ್ತು ನಿಮಿಷ. ಅಷ್ಟೇ. ಆಮೇಲೆ ತಣ್ಣನೆಯ ಸಣ್ಣ ಮಳೆ. ಡೆಲ್ಮೀರಾ ಸಂಘದ ಒಲೆಯ ಮೇಲೆ ಕೊಬ್ಬು ಕಾಯಿಸಿ ರೊಟ್ಟಿ ಕರಿಯತೊಡಗಿದಳು, ಮಳೆ ಬಂದಮೇಲೆ ಕರಿದ ರೊಟ್ಟಿ ಬಿಡಲಾಗುತ್ತದೆಯೇ. ಎಲ್ಲರೂ ಒದ್ದೆ ಬಟ್ಟೆಯಲ್ಲೇ ನಿಂತು ತಿಂದರು. ಆ ಹೊತ್ತಿಗೆ ನಿನ್ನ ಫೋನು.

ನಿನ್ನೆ ಸ್ವಾತಂತ್ರ್ಯದ ಹಬ್ಬ. ಶಾಲೆಯ ಧ್ವಜಕಂಬ ಮುರಿದಿದ್ದರಿಂದ ಟೀಚರು ಬಾವುಟವನ್ನು ಟ್ರ್ಯಾಕ್ಟರಿಗೆ ಕಟ್ಟಿದ್ದರು. ಅಲ್ಲಿಗೆ ಎಬೆರ್ ಕೈಗೆ ಪಟ್ಟಿ ಹಾಕಿಕೊಂಡು ಬಂದ. ನನ್ನ ಮುಂದೆ ನಿಂತು, ಟೋಪಿ ತೆಗೆಯಲು ಹೋಗಿ, ತೆಗೆಯಬೇಕಾದ ಕೈಯೇ ಕಟ್ಟಿಹಾಕಿದೆ ಎಂದು ನೆನಪಾಗಿ ಒದ್ದಾಡಿದ. "ದೋನ್ ಮಿಲ್ಟನ್‌ಗೆ ಹೇಳಿ, ಬಂದು ಒಂದ್ಸಲ ನನ್ನ ಮುಖ ನೋಡಿ ನಗ್ಲಿ. ಊರ ಮುಂದೆ. ನಾನು ಅಲ್ಲಾಡಲ್ಲ" ಅಂದ. ನಾನು, "ಅವನಿಗೆ ಹಾಗೆಲ್ಲ ನಗೋಕೆ ಬರಲ್ಲಪ್ಪ" ಅಂದೆ.

ಮಿಲ್ಟನ್, ನಿನ್ನ ಬಳಿ ಕ್ಷಮೆ ಕೇಳುವುದಕ್ಕೆ ನನಗೆ ಹನ್ನೊಂದು ವರ್ಷ ಹಿಡಿಯಿತು. ಈಗ ಕೇಳುತ್ತಿದ್ದೇನೆ. ಸಿಸ್ಟರ್ ಅವರ ಕೋಳಿಗೂಡಿನ ಕಥೆಗೆ ನಾನು ನಕ್ಕ ನಗುವಿನಲ್ಲಿ ನೀನಿರಲಿಲ್ಲ, ಅದರಲ್ಲಿ ಬರೀ ಸುಸ್ತಿತ್ತು, ಮತ್ತೆ ನಿನ್ನ ಧ್ವನಿ ಕೇಳಿದ ಸಂತೋಷವಿತ್ತು. ನೀನು ಬರುತ್ತೀಯಾ? ಒಂದು ತಿಂಗಳಿಗೆ ಎಂದು ಹೇಳಿ ಬರಬೇಡ. ಅವಧಿ ಹೇಳದೆ ಬಾ. ನಿನಗೆ ಮನಸ್ಸಿಲ್ಲದಿದ್ದರೂ ಸರಿ, ಬೆಳಿಗ್ಗೆ ಏಳಕ್ಕೆ ನಿನ್ನ ಅಂಕಿ ಹೇಳುವುದನ್ನು ಮಾತ್ರ ನಿಲ್ಲಿಸಬೇಡ.

ನಿನ್ನ,
ಒಫೀಲಿಯಾ

ಮರೆತ ಮಾತು: ಮರೆತದ್ದಲ್ಲ, ಬೇಕೆಂದೇ ಇಲ್ಲಿಗೆ ಉಳಿಸಿಕೊಂಡೆ. ಎಲ್ಲ ಕ್ಷೇಮ ಎಂದು ನಾನು ಫೋನಿನಲ್ಲಿ ಹೇಳಿದ್ದು ಪೂರ್ತಿ ನಿಜವಲ್ಲ. ನಾವು ಹಗ್ಗ ಎಳೆಯುತ್ತಿದ್ದಾಗ ನಮ್ಮ ಮನೆಯ ಚಾವಣಿ ಹಾರಿಹೋಯಿತು. ತಗಡುಗಳು ಕುದುರೆ ಲಾಯದ ಆಚೆ ಸಿಕ್ಕಿವೆ. ಹಾಸಿಗೆ, ರೇಡಿಯೊ, ಭೂಪಟ ಎಲ್ಲ ನೆಂದು ಮುದ್ದೆ. ನಾಲ್ಕು ದಿನದಿಂದ ನಾನು ಡೆಲ್ಮೀರಾಳ ಮನೆಯಲ್ಲಿದ್ದೇನೆ, ಬೆಳಗಿನ ಅಂಕಿಯನ್ನು ಸಂಘದ ರೇಡಿಯೊದಿಂದಲೇ ಹೇಳುತ್ತಿದ್ದೇನೆ. ಇದನ್ನು ಮೊದಲೇ ಹೇಳಿದ್ದರೆ ನೀನು ಬುಧವಾರದ ಬಸ್ಸಿಗೇ ಹೊರಡುತ್ತಿದ್ದೆ, ನನಗೆ ಗೊತ್ತು. ಚಾವಣಿಗಾಗಿ ಬರುತ್ತಿದ್ದೆ, ಹೊದಿಸಿ ಹೋಗುತ್ತಿದ್ದೆ. ಅದಕ್ಕೇ ಹೇಳಲಿಲ್ಲ. ಮೇಲಿನದನ್ನು ಓದುವಾಗಲೇ ಬರಬೇಕು ಅನ್ನಿಸಿದ್ದರೆ ಮಾತ್ರ ಬಾ. ಬರುವಾಗ ನಾಲ್ಕಂಗುಲದ ಮೊಳೆ ಎರಡು ಕಿಲೊ ತಾ, ರೋಚಾದ ಅಂಗಡಿಗಳಲ್ಲಿ ಒಂದೂ ಉಳಿದಿಲ್ಲ.