ಕಾಲುವಿ ದಂಡಿಯ ಬಾರಿ ಎಲಿ

ತಮ್ಮಾ ಈರಣ್ಣಾ,

ಸಣ್ಣವರಿಗೆ ಕಾಗದ ಬರಿಯೂ ಮುಂದ ಮೊದಲು ಚಿರಂಜೀವಿ ಅಂತ ಬರೀಬೇಕು ಅಂತ ನೀನೇ ನನಗ ಕಲಿಸಿದ್ದಿ. ಇವತ್ತು ಆ ಅಕ್ಷರ ಬರಿಯಾಕ ಹೋಗಿ ಕೈ ಅಲ್ಲೇ ನಿಂತುಬಿಟ್ಟಿತು. ಬರೇ ತಮ್ಮಾ ಅಂತ ಬರದೀನಿ. ಅಷ್ಟರಾಗ ಎಲ್ಲಾ ತಿಳ್ಕೊ.

ಅವ್ವ ನಿಂಗವ್ವ ಹೆಂಗದಾಳ? ಸಣ್ಣಕ್ಕ ಪಾರವ್ವನ ಕೆಮ್ಮು ಕಡಿಮಿ ಆಗೇತೇನು? ನಮ್ಮ ಮನಿಯವರು, ನಿಮ್ಮ ಮಾವ, ಅಲ್ಲೂ ಎಲಿ ಅಡಿಕಿ ಹಾಕ್ಕೊಂಡು ಕಂಡಕಂಡಲ್ಲಿ ಉಗುಳಿ ಅವ್ವನ ಕಡಿಂದ ಬೈಸಿಕೊಳ್ಳಾಕತ್ತಾರೇನು? ನಿನ್ನ ಕಣ್ಣಿನ ಹಳದಿ ಇಷ್ಟೊತ್ತಿಗೆ ಇಳಿದಿರಬೇಕು. ನಾನು ಆರಾಮ ಅದೀನಿ ಅಂತ ಬರೀಬೇಕು, ಆದ್ರ ಆರಾಮಿಲ್ಲ. ಮೈಯಲ್ಲ, ಮನಸು. ನಿನ್ನೆ ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಮೊನ್ನೆ ಒಲಿ ಮ್ಯಾಲೆ ಹಾಲಿಟ್ಟು, ಬಾಗಿಲು ಎಳಕೊಂಡು ಅಂಗಡಿಗೆ ಹೋದೆ. ನಿನ್ನ ಬರಣಿ ವಿಷಯದಾಗ ನಾನೊಂದು ತಪ್ಪು ಮಾಡೀನಿ ಈರಣ್ಣ. ಎಲ್ಲಾರಿಗೂ ಹೇಳಿದೆ. ಹೇಳಬೇಕಾದ ನಿನಗೊಬ್ಬಗ ಇನ್ನೂ ಹೇಳಿಲ್ಲ.

ಹೋದ ವರ್ಷ ಶ್ರಾವಣದ ಆ ಮಧ್ಯಾಹ್ನ ನೀನು ನಮ್ಮ ಇರಕಲ್ಲಗಡದ ಗುಡ್ಡ ಇಳಿದು ಬಂದಾಗ ನಿನ್ನ ಕಣ್ಣು ಅರಿಷಿಣ ಬಳದಂಗ ಆಗಿದ್ದುವು. ಫಾರೆಸ್ಟ್ ವಾಚರ್ ನೌಕರಿ ಮುಗಿದು ನಾಕು ವರ್ಷ ಆಗಿದ್ರೂ ಗುಡ್ಡ ಹತ್ತೂದು ಬಿಟ್ಟಿರಲಿಲ್ಲ ನೀನು. ಟವೆಲ್ಲಿನಾಗ ಬಾರಿ ಹಣ್ಣಿನ ಮುಳ್ಳು ಗಿಡದ ಎಲಿ ಕಟ್ಕೊಂಡು ಬಂದಿದ್ದಿ. ಒಂದೊಂದು ಎಲಿ ಮಡಚಿ ನೂಲಿಲೆ ಹೊಲಿದಂಗ ಇತ್ತು, ಒಳಗ ಬೆಂಕಿಕಡ್ಡಿಗಿಂತ ಸಣ್ಣ ಹಸರು ಹುಳ. ಬರಣಿಗೆ ಹಾಕಿ, ಬಾಯಿಗೆ ನನ್ನ ಹಳೇ ಸೀರಿ ತುಂಡು ಕಟ್ಟಿ, "ಅಕ್ಕಾ, ಇದರಾಗಿಂದ ಪತಂಗ ಹೊರಗ ಬರೂತನಕ ಕೈ ಹಚ್ಚಬ್ಯಾಡ" ಅಂದಿ. ಮರುದಿನ ನಿನ್ನ ಗಂಗಾವತಿ ದವಾಖಾನಿಗೆ ಸೇರಿಸಿದ್ವಿ. ಕಾಮಾಲಿ ಅಂದ್ರು. ದಿನಾ ಬಂದು ಹೋಗಾಕ ಸಮೀಪ ಆಗ್ತದಂತ ನಾನು ಸಿದ್ದಾಪುರದಾಗ ಮಗಳು ಮಂಜುಳಾನ ಮನ್ಯಾಗ ಉಳಕೊಂಡೆ. ಊರಾಗ ನೋಡವರು ಯಾರೂ ಇಲ್ಲಂತ ಆ ಬರಣಿಯನ್ನೂ ಉಡಿಯಾಗ ಇಟ್ಕೊಂಡು ಬಸ್ಸು ಹತ್ತಿದೆ.

ಸಿದ್ದಾಪುರದಾಗ ಮೂರನೇ ದಿನ ನೋಡ್ತೀನಿ, ಬರಣಿಯಾಗಿನ ಎಲಿ ಒಣಗಿ ಹಪ್ಪಳ ಆಗಿದ್ದುವು. ಮನ್ಯಾಗ ಬೆಕ್ಕು ಹಸದಿದ್ರ ನನಗ ತುತ್ತು ಇಳಿಯಂಗಿಲ್ಲ, ನಿನಗ ಗೊತ್ತೈತಿ. ದವಾಖಾನ್ಯಾಗ ನೀನು ಒಂದು ಚಮಚ ಗಂಜಿನೂ ಕುಡಿಯವಲ್ಲಿ. ಇಲ್ಲಿ ನಿನ್ನ ಹುಳನೂ ಉಪವಾಸ. ಕಾಲುವಿ ದಂಡಿ ಮ್ಯಾಲೆ, ಗದ್ದಿ ನಾಟಿ ನಡದಿತ್ತಲ್ಲ, ಅಲ್ಲೊಂದು ಬಾರಿ ಗಿಡ ಇತ್ತು. ಅದೇ ಎಲಿ, ಅದೇ ಮುಳ್ಳು. ಬೆರಳಿಗೆ ರಕ್ತ ಬರೂ ಹಂಗ ಚುಚ್ಚಿಸಿಕೊಂಡು ಹರದೆ. ಅಷ್ಟಾಗಿದ್ರ ಆಗತಿತ್ತು. ಈ ಹುಳಕ್ಕ ಮಡಚಿದ ಎಲಿ ಅಂದ್ರ ಪ್ರೀತಿ, ಪಾಪ, ಮನಿ ಕಟ್ಟೂ ತ್ರಾಸ ಯಾಕ, ಕಟ್ಟಿದ ಮನಿನೇ ಕೊಡೂಣು ಅಂತ, ಮಡಚಿದ ಎಲಿನೇ ಆರಿಸಿ ಆರಿಸಿ ಹಾಕಿದೆ. ಆ ಮಡಚಿದ ಎಲಿಯೊಳಗ ಆಗಲೇ ಬ್ಯಾರೆ ಹುಳ ಸಂಸಾರ ಹೂಡಿರಬಹುದು ಅನ್ನೂದು ನನಗ… ಯಾಕ ಹೊಳೀಲಿಲ್ಲ?

ನೀನು ಹೋದ ಐದನೇ ದಿನ, ಇರಕಲ್ಲಗಡಕ್ಕ ಬಂದ ಮ್ಯಾಲೆ, ಬರಣಿಯಾಗ ಒಂದೇ ಒಂದು ಪತಂಗ ಕುಂತಿತ್ತು. ಭತ್ತದ ಹೊಟ್ಟಿನಷ್ಟು. ರೆಕ್ಕಿ ಅಂಚಿಗೆ ಜರಿ ಎಳಿ ಇಟ್ಟಂಗ ಬೆಳ್ಳಗ ಮಿಂಚತಿತ್ತು. ನಾನು ಅಳಲೋ ನಗಲೋ? ನೀನು ಮಾಡೂ ಹಂಗ, ಅದು ತಾನಾಗೇ ಸತ್ತ ಮ್ಯಾಲೆ, ಜೋಳದ ದಂಟಿನ ಬೆಂಡಿನ ಮ್ಯಾಲೆ ನಿನ್ನ ಸಣ್ಣ ಸೂಜಿಲೆ ನಿಲ್ಲಿಸಿ, ಕೆಳಗ ಚೀಟಿ ಹಚ್ಚಿದೆ. ಜಾಗ: ಇರಕಲ್ಲಗಡ ಗುಡ್ಡ. ತಂದವರು: ಈರಣ್ಣ. ನನ್ನ ಕೈಲೆ ಬರೆದ ನಿನ್ನ ಹೆಸರು ಅದೇ ಮೊದಲು. ದುಂಡಗ ಬಂದಿತ್ತು.

ಬ್ಯಾಸಗಿಯೊಳಗ ಒಂದು ದಿನ ಸುಧಾ ಅನ್ನೂ ಹುಡಿಗಿ ನಮ್ಮ ಕಟ್ಟಿಗೆ ಬಂದು ನಿಂತ್ಲು. ಕಾಲೇಜಿನಾಗ ಕಲಿಸ್ತಾಳ, ಕುರುಚಲು ಕಾಡಿನ ಸಣ್ಣ ಪತಂಗದ ಮ್ಯಾಲೆ ಅಭ್ಯಾಸ ಮಾಡಾಕತ್ಯಾಳ. "ಅಮ್ಮಾರ, ಇಲ್ಲೊಬ್ರು ವಾಚರ್ ಪತಂಗ ಕೂಡಿಸಿಡ್ತಿದ್ರಂತಲ್ರಿ?" ಅಂದ್ಲು. ನಿನ್ನ ಬೂಟಿನ ಡಬ್ಬಿ ಎಲ್ಲಾ ತಗದು ತೋರಿಸಿದೆ. ಊರ ಮಂದಿ ಹುಳದ ಈರ ಅಂತ ನಗತಿದ್ರಲ್ಲ, ಆ ಡಬ್ಬಿ ಮುಂದ ಈಕಿ ಚಪ್ಪಲಿ ಬಿಟ್ಟು ಕುಂತ್ಲು. ಉಳಿದವು ಎಲ್ಲಾ ಕಡಿ ಇರೂವು ಅಂತ. ಆ ಜರಿ ಅಂಚಿನದನ್ನ ಮಾತ್ರ ಭೂತಗನ್ನಡಿ ಹಿಡಿದು ಭಾಳ ಹೊತ್ತು ನೋಡಿದಳು. ಒಯ್ದು, ತನಗ ಕಲಿಸಿದ ಹಿರಿಯರಿಗೆ ತೋರಿಸಿ, ತಿಂಗಳ ಮ್ಯಾಲೆ ಫೋನ್ ಮಾಡಿದಳು. ಇಂಥದ್ದು ನಮ್ಮ ಈ ಭಾಗದಾಗ ಇದೂತನಕ ಯಾರ ಕಣ್ಣಿಗೂ ಬಿದ್ದಿಲ್ಲಂತ. ಕಾಡಿನ ಪಟ್ಟಿಗೆ ಹೊಸದಾಗಿ ಸೇರ್ತದಂತ. ಅಚ್ಚಾಗೂ ಲೇಖನದಾಗ ನಿನ್ನ ಹೆಸರು ಬರ್ತದಂತ.

ಆ ಸುದ್ದಿ ಹೇಳಾಕ ನಾನು ನಿನ್ನ ಗೆಳೆಯ ಮಹಬೂಬಸಾಬನ ಕಿರಾಣಿ ಅಂಗಡಿಗೆ ಹೋದೆ. ನಿನಗ ಪೆಪ್ಪರಮಿಂಟಿನ ಖಾಲಿ ಬರಣಿ ಕೊಟ್ಟವ ಅವನೇ ಅಲ್ಲ? ತಕ್ಕಡಿ ಬಿಟ್ಟು ಎದ್ದು ನಿಂತ. "ಅಕ್ಕಾರ, ಬರಣಿ ನಂದು. ನನ್ನ ಹೆಸರೂ ಒಂದು ಮೂಲ್ಯಾಗ ಹಾಕಂತ ಹೇಳ್ರಿ ಆ ಮೇಡಂಗ!" ಅಂದ. ನಕ್ಕು ಮನಿಗೆ ಬಂದೆ. ಬಂದು ಪಡಸಾಲ್ಯಾಗ ಅದೇ ಖಾಲಿ ಬರಣಿ ನೋಡಿದ ಕೂಡಲೇ ಕಾಲುವಿ ದಂಡಿ ನೆನಪಾತು. ಪತಂಗ ಬಂದಿದ್ದು ನಿನ್ನ ಎಲಿಯಿಂದಲೋ, ನನ್ನ ಎಲಿಯಿಂದಲೋ?

ಮರುವಾರ ಸುಧಾ ಹಾಳಿ ಹಿಡಕೊಂಡು ಬಂದು ಕೇಳಿದಳು. "ಅಮ್ಮಾರ, ಇದು ಗುಡ್ಡದ್ದು ಹೌದಲ್ರಿ? ಜಾಗ ಖಾತ್ರಿ ಬೇಕ್ರಿ." ನಾನು ಹೂಂ ಅಂದೆ. ಒಂದೇ ಒಂದು ಹೂಂ, ಈರಣ್ಣ. ಆಕಿ ಚಾ ಕುಡಿದು ಹೋದಳು. ನನಗ ಅವತ್ತಿನಿಂದ ಊಟ ರುಚಿಸಲಿಲ್ಲ. ಫೋನ್ ಸಪ್ಪಳಾದ್ರ ಸಾಕು, ಗೊತ್ತಾಗಿರಬೇಕು ಅಂತ ಎತ್ತದಂಗ ಬಿಡತಿದ್ದೆ. ಮಹಬೂಬಸಾಬಗ ಹೇಳಿದೆ. ಅವನು ಹಣಿ ಹಣಿ ಬಡಕೊಂಡು ನಕ್ಕ. "ಯಾ ಅಲ್ಲಾ! ಬಂದ ಬೀಗರಿಗೆ ಬಡಸ್ತೀರಿ, ಭಿಕ್ಷಾದವರಿಗೆ ಬಡಸ್ತೀರಿ, ಹುಳಕ್ಕೂ ಬಡಿಸಿದ್ರೇನ್ರಿ ಅಕ್ಕಾರ?" ಆಮ್ಯಾಲೆ ದನಿ ಇಳಿಸಿ, "ಸುಮ್ಮ ಇದ್ದುಬಿಡ್ರಿ. ಹುಳದ ಊರು ಯಾವುದಾದ್ರ ಯಾರಿಗೇನು? ಜನ್ಮದಾಗ ಒಮ್ಮೆ ಅವನ ಹೆಸರು ಅಚ್ಚಾಗ್ಲಿ" ಅಂದ. ಅವನ ಕಣ್ಣಾಗ ನೀರಿದ್ದುವು. ನನಗೂ ಹಂಗೇ ಅನಿಸ್ತು. ಸುಳ್ಳು ಯಾಕ ಹೇಳಲಿ?

ಆದ್ರ ನಿನ್ನ ಸಿಟ್ಟು ನೆನಪಾತು. ಒಮ್ಮೆ ಮಳ್ಯಾಗ ಚೀಟಿ ತೊಯ್ದು ಅಕ್ಷರ ಅಳಿಸಿದಾಗ, ಒಂದು ಡಬ್ಬಿ ತುಂಬ ಪತಂಗ ಒಯ್ದು ತಿಪ್ಪಿಗೆ ಸುರುವಿದ್ದಿ ನೀನು. ಅಯ್ಯೋ, ಅಷ್ಟು ಚಂದ ಅದಾವು, ನಿನಗ ಅಂದಾಜು ಗೊತ್ತಿದ್ರ ಬರಿಯೋ ಅಂದಿದ್ದಕ್ಕ, "ಅಂದಾಜು ಬರದ್ರ ಕಸ ಅಕ್ಕಾ, ಎಲ್ಲಿದು ಅಂತ ಗೊತ್ತಿಲ್ಲದ್ದು ಬರೇ ಕಸ" ಅಂತ ಎರಡು ದಿನ ಮಾತು ಬಿಟ್ಟಿದ್ದಿ. ಅಂಥವನ ಹೆಸರಿನ ಮುಂದ ನಾನು ಕಸ ಇಟ್ಟು ಅಚ್ಚು ಹಾಕಿಸಲೇನು? ಮರುದಿನ ಸುಧಾಗ ಫೋನ್ ಹಚ್ಚಿದೆ.

"ಯವ್ವಾ, ನಾ ನಿನಗ ಸುಳ್ಳು ಹೇಳೀನಿ" ಅಂದೆ. ಎಲ್ಲಾ ಹೇಳಿದೆ. ಬೈತಾಳ, ಇಟ್ಟುಬಿಡ್ತಾಳ ಅಂತ ಸೆರಗು ಹಿಂಡಿಕೋತ ಕುಂತೆ. ಕಡೀಕ, "ಅಮ್ಮಾರ, ಇನ್ನೂ ಕಳಿಸಿಲ್ರಿ. ಛಲೋ ಆತು ಹೇಳಿದ್ದು" ಅಂದ್ಲು. ಆಮ್ಯಾಲೆ ಇನ್ನೊಂದು ಮಾತು ಅಂದ್ಲು. "ಕಾಲುವಿ ದಂಡಿದಾದ್ರೂ ಈ ಭಾಗಕ್ಕ ಇದು ಹೊಸದೇರಿ. ಆದ್ರ ಕಾಡಿನ ಪಟ್ಟಿಗೆ ಬರಂಗಿಲ್ಲ. ಮತ್ತ ತಂದವರು ನೀವಾಗ್ತೀರಿ." ನಾನೇ? ನಾನು ಮೇವು ಹಾಕಿದಾಕಿ ಯವ್ವಾ, ಹುಡಿಕಿದಾಕಿ ಅಲ್ಲ ಅಂದೆ. "ಶ್ರಾವಣ ಬರ್ಲಿ, ಎರಡೂ ಕಡಿ ಹೋಗಿ ನೋಡೂಣ್ರಿ" ಅಂದ್ಲು.

ಈ ಶ್ರಾವಣದಾಗ ನಾನು ನಿನ್ನ ಗುಡ್ಡ ಹತ್ತಿದೆ ಈರಣ್ಣ. ಅರವತ್ತೆಂಟರ ಮೊಣಕಾಲು, ಸುಧಾನ ಹೆಗಲು. ಮಹಬೂಬಸಾಬ ಬುತ್ತಿ ಹೊತ್ಕೊಂಡು ಹಿಂದ ಬಂದ. ಅರ್ಧಕ್ಕ ಕುಂತು, "ಬದುಕಿದ್ದಾಗ ಕರದ್ರ ಒಲ್ಲೆ ಅಂತಿದ್ದೆ. ಸತ್ತ ಮ್ಯಾಲೆ ಹತ್ತಿಸಿದ ನೋಡ್ರಿ, ಹಟಮಾರಿ ಸೂಳೆಮಗ!" ಅಂತ ಏದುಸಿರಿನಾಗ ಬೈದ. ಬೈಯೂ ಹಂಗ ಬೈದು ಮೋತಿ ಆ ಕಡಿ ತಿರುವಿದ. ಎಷ್ಟು ಬಾರಿ ಗಿಡ ನೋಡಿದ್ವಿ ಅಂತಿ? ಮಡಚಿದ ಎಲಿ ಬಿಚ್ಚಿದ್ರ ಒಂದರಾಗ ಜ್ಯಾಡ, ಒಂದರಾಗ ಏನೂ ಇಲ್ಲ. ಮೂರು ಎಲಿಯಾಗ ಹುಳ ಸಿಕ್ಕುವು. ಆ ಮೂರನ್ನ ಒಂದು ಬರಣಿಗೆ ಹಾಕಿದ್ವಿ. ಮರುದಿನ ಸಿದ್ದಾಪುರದ ಕಾಲುವಿಗೆ ಹೋಗಿ ಇನ್ನೊಂದು ಬರಣಿ ತುಂಬಿದ್ವಿ. ಅಲ್ಲಿ ಹುಡುಕೂದೇ ಬೇಕಾಗಲಿಲ್ಲ. ಕೈ ಇಟ್ಟಲ್ಲಿ ಮಡಚಿದ ಎಲಿ.

ಎರಡು ವಾರ ನಾನು ಆ ಎರಡು ಬರಣಿ ಮುಂದ ಕುಂತೆ. ಗುಡ್ಡದ ಬರಣಿಗೆ ಗುಡ್ಡದ ಎಲಿ, ಕಾಲುವಿ ಬರಣಿಗೆ ಕಾಲುವಿ ಎಲಿ, ಒಂದೊಂದನ್ನೂ ಬಿಚ್ಚಿ ನೋಡಿ ಸುಧಾ ಕೈಯಾರೆ ಹಾಕತಿದ್ಲು. ಕಾಲುವಿ ಬರಣಿಯಾಗ ಒಂದಾದ ಮ್ಯಾಲೆ ಒಂದು ಜರಿ ಅಂಚಿನವು ಹೊರಗ ಬಂದುವು. ಏಳು. ನಾನು ಗುಡ್ಡದ ಬರಣಿಗೆ ಕಣ್ಣು ಹಚ್ಚಿದ್ದೆ. ಒಂದಾದ್ರೂ ಬಾರೋ, ಈರಣ್ಣನ ಸಲುವಾಗಿ ಒಂದಾದ್ರೂ… ಅಲ್ಲಿಂದ ಬಂದಿದ್ದು ಮೂರು ಕರೀ ನೊಣದಂಥವು. ಹುಳದ ಮೈಯಾಗ ತತ್ತಿ ಇಟ್ಟು, ಹುಳಾನ ತಿಂದು ಬೆಳೆಯೂ ಕಣಜವಂತ. ನಿನಗ ಗೊತ್ತಿರಬೇಕು, ನಾನು ಈಗ ಕಲಿತೆ.

"ಸಿಗಲಿಲ್ಲ ಅಂದ್ರ ಗುಡ್ಡದಾಗ ಇಲ್ಲ ಅಂತ ಅರ್ಥ ಅಲ್ರಿ ಅಮ್ಮಾರ" ಅಂದ್ಲು ಸುಧಾ. ಮಹಬೂಬಸಾಬ ಅದನ್ನೇ ಹಿಡಕೊಂಡ. "ಹಂಗಾದ್ರ ಅವನ ಹೆಸರೇ ಇರ್ಲಿ ಬಿಡ್ರಿ ಮೇಡಂ, ಯಾರು ಕೇಳ್ಯಾರ?" ಆಕಿ ನನ್ನ ಮಾರಿ ನೋಡಿದಳು. ಸುಧಾ ತಿರುಗಿ ತಂದಿದ್ದ ನಿನ್ನ ಪತಂಗದ ಕೆಳಗಿನ ಚೀಟಿ ನಾನು ಕಿತ್ತು ತಗದೆ. ದುಂಡಗ ಬರೆದಿದ್ನಲ್ಲ, ಅದೇ. ಕೈ ಕತ್ತರಿಸಿದಂಗ ಆತು. ಬ್ಯಾರೆ ಚೀಟಿ ಮ್ಯಾಲೆ ಸಿದ್ದಾಪುರ, ಕಾಲುವಿ ದಂಡಿ ಅಂತ ಬರದೆ. ಅದರ ಮಗ್ಗಲು ಬಹುಶಃ ಅನ್ನೂ ಶಬ್ದ ಬರೀರಿ ಅಂದ್ಲು ಸುಧಾ, ಬರದೆ. ಕಾಲುವಿ ಬರಣಿಯಿಂದ ಬಂದ ಆ ಏಳಕ್ಕ ಆ ಶಬ್ದ ಬೇಕಾಗಲಿಲ್ಲ.

ಈಗ ಸುದ್ದಿ ಕೇಳು. ಲೇಖನ ತಯಾರಾಗೇತಿ. ನಿನಗ ಬರಬೇಕಾದ ಜಾಗದಾಗ ನನ್ನ ಹೆಸರು ಬರ್ತೈತಿ, ಈರಣ್ಣ. ಜನ್ಮ ಪೂರ್ತಿ ಗುಡ್ಡ ಸುತ್ತಿದವ ನೀನು, ಎರಡು ಹಿಡಿ ಸೊಪ್ಪು ಹರದಾಕಿ ನಾನು. ತಮ್ಮನ ಪಾಲು ಕಸಗೊಂಡ ಅಕ್ಕ ಅಂತ ನೀನು ತಿಳಕೊಂಡ್ರ? ಅವ್ವನ ಮುಂದ ಹೇಳಿ ಆಕಿನೂ ನನ್ನ ಮ್ಯಾಲೆ ಸಿಟ್ಟಾದ್ರ? ಈ ಒಂದು ಯೋಚನಿ ನನ್ನ ಕುಂದರಗೊಡವಲ್ದು, ನಿಂದರಗೊಡವಲ್ದು. ಹೆಸರು ಬರೀಲಾರದ ಹಂಗೇ ಬಿಡಬಹುದೇನವ್ವಾ ಅಂತ ಸುಧಾನ ಕೇಳಿದೆ. ತಂದವರಿಲ್ಲದ ಪತಂಗನ ಯಾರು ನಂಬತಾರ್ರಿ ಅಂದ್ಲು. ಹೌದಲ್ಲ, ನೀನಾಗಿದ್ರೂ ಅದನ್ನೇ ಅಂತಿದ್ದಿ. ಬರಿ ಅಂದೆ. "ಬರೇ ಗೌರವ್ವ ಅಂದ್ರ ಸಾಲಂಗಿಲ್ರಿ. ಮುಂದ ಗಂಡನ ಹೆಸರು ಹಾಕಲೋ, ಅಪ್ಪನ ಹೆಸರು ಹಾಕಲೋ?" ಅಂತ ಕೇಳಿದಳು. ನಿಮ್ಮ ಮಾವ ಬೇಜಾರು ಮಾಡಿಕೊಂಡ್ರ ನೀನೇ ಸಮಾಧಾನ ಹೇಳು. ಅಪ್ಪನ ಹೆಸರು ಹಾಕು ಅಂದೆ. ಅದು ನಿನ್ನ ಹೆಸರಿನ ಮುಂದೂ ಇದ್ದದ್ದು.

ಬರೂ ಶ್ರಾವಣಕ್ಕ ಮತ್ತ ಗುಡ್ಡ ಹತ್ತತೀನಿ. ಕಾಲು ಇರೂತನಕ ವರ್ಷಾ ಹತ್ತತೀನಿ. ಗುಡ್ಡದಾಗ ಅದು ಇದ್ರ ಹುಡುಕ್ತೀನಿ, ಇಲ್ಲದಿದ್ರ ಇಲ್ಲ ಅಂತ ಬರೀತೀನಿ. ಅಂದಾಜು ಬರಿಯಂಗಿಲ್ಲ, ಅಷ್ಟು ಆಣಿ.

ಸುಧಾ ಇನ್ನ ಹದಿನೈದು ದಿನದಾಗ ಹಾಳಿ ಕಳಸ್ತಾಳ. ಅದರೊಳಗ ನಿನ್ನ ಮನಸಿನಾಗ ಏನೈತಿ ನನಗ ತಿಳೀಬೇಕು. ಜಲ್ದಿ ಬರಿ. ಬೈದಾದ್ರೂ ಬರಿ.

ನಿನ್ನ ಅಕ್ಕ,
ಗೌರವ್ವ