ನೂರರಲ್ಲಿ ಎರಡು

ಫೆಬ್ರವರಿ 3, ಸೋಮವಾರ

ಇವತ್ತೂ ಇಲ್ಲ. ಆಫೀಸಿಗೆ ಬಂದ ಕೂಡಲೇ ಇಲಾಖೆಗೆ ಫೋನ್. ಅದೇ ಹೆಂಗಸು, ಅದೇ ಮಾತು — "ಫೈಲ್ ಮೇಲೆ ಹೋಗಿದೆ ಸಾರ್." ಆರು ವರ್ಷದಿಂದ ಮೇಲೇ ಹೋಗುತ್ತಿದೆ. ಇಷ್ಟು ಹೊತ್ತಿಗೆ ಮೋಡ ದಾಟಿರಬೇಕು. ನಾವು ಕೇಳುತ್ತಿರುವುದು ಸಮುದ್ರದ ತಳ ಕೊರೆದು ಎಣ್ಣೆ ಹುಡುಕಲು ಲೈಸೆನ್ಸ್. ಇವರು ಅರ್ಜಿಯನ್ನು ಆಕಾಶಕ್ಕೆ ಕಳಿಸುತ್ತಾರೆ.

ಆಮೇಲೆ ಟೈಲ್ಸ್ ವ್ಯಾಪಾರಿಯ ಫೋನ್, ನಾವು ಕರೆಯುವುದೇ ಟೈಲ್ಸ್ ಅಂತ. ಮೂರು ಶೋರೂಂ ಇಟ್ಟವನು. ನಮ್ಮ ಗುಂಪಿನಲ್ಲಿ ಅತಿ ಹೆಚ್ಚು ದುಡ್ಡು ಹಾಕಿದವನು, ಹಾಗಾಗಿ ಅತಿ ಹೆಚ್ಚು ಕೂಗುವ ಹಕ್ಕೂ ಅವನದೇ.

"ಏನ್ರೀ, ಬಂತಾ?"

"ಈ ವಾರ ಬರುತ್ತೆ."

"ಹೋದ ವಾರಾನೂ ಈ ವಾರ ಅಂದ್ರಿ."

ಇವರನ್ನೆಲ್ಲ ಸೇರಿಸಿದವನು ನಾನು. ಇನ್ಶೂರೆನ್ಸ್ ಮಾಡಿಸಲು ಬಂದವರನ್ನು ಕೂರಿಸಿ, ಕಾಫಿ ಕೊಟ್ಟು, ನಕ್ಷೆ ಬಿಡಿಸಿ ಸಮುದ್ರ ತೋರಿಸಿದವನು. ಅರ್ಜಿಯಲ್ಲಿ ಸಹಿಯೂ ನನ್ನದೇ.

ಮಧ್ಯಾಹ್ನ ಭಾವ ಬಂದರು. ಹೆಂಡತಿಯ ಅಣ್ಣ. ನಾನು ಅವರನ್ನು ಭಾವ ಅನ್ನುತ್ತೇನೆ, ಅವರೂ ನನ್ನನ್ನು ಭಾವ ಅನ್ನುತ್ತಾರೆ. ಫೋನಿನಲ್ಲಿ ಕೇಳಿದವರಿಗೆ ಯಾರು ಯಾರ ಭಾವ ಅಂತ ಗೊತ್ತಾಗುವುದಿಲ್ಲ. ಮೂವತ್ತು ವರ್ಷದಿಂದ ಆ ಸಮುದ್ರದ ತಳವನ್ನೇ ಓದುತ್ತಿರುವ ಭೂವಿಜ್ಞಾನಿ. ಅಲ್ಲಿ ಎಣ್ಣೆ ಇದೆ ಅಂದವರು ಅವರೇ. ಇದೆ ಅಂತಲೂ ಅಲ್ಲ — "ಐದರಲ್ಲಿ ಒಂದು" ಅಂದರು. ಈ ಕಸುಬಿನಲ್ಲಿ ಐದರಲ್ಲಿ ಒಂದು ಅಂದರೆ ಕುಣಿದಾಡಬೇಕಂತೆ. ನಾವೂ ಕುಣಿದೆವು.

ನಾಲ್ಕು ಮಹಡಿ ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತಾ ಬಂದರು. ಲಿಫ್ಟ್ ಹತ್ತುವುದಿಲ್ಲ. ಅದು ನಡುವೆ ನಿಲ್ಲುವ ಸಂಭವ ನೂರರಲ್ಲಿ ಏಳಂತೆ.

"ಲೈಸೆನ್ಸ್ ಸಿಗೋದು ಎಷ್ಟು ಭಾವ?" ಅಂದೆ.

ಕನ್ನಡಕ ತೆಗೆದು, ಅಂಗಿಯ ಅಂಚಿನಲ್ಲಿ ಒರೆಸಿ — ನಂಬರ್ ಹೇಳುವ ಮುಂಚೆ ಯಾವಾಗಲೂ ಹಾಗೇ — "ಅರವತ್ತು" ಅಂದರು.

"ನಾಳೆ ಸೂರ್ಯ ಹುಟ್ಟೋದು?"

"ತೊಂಬತ್ತೊಂಬತ್ತು." ನಗಲಿಲ್ಲ. "ನೂರು ಅನ್ನೋದು ನಮ್ಮ ಕೆಲಸದಲ್ಲಿಲ್ಲ ಭಾವ. ಸೊನ್ನೇನೂ ಇಲ್ಲ."


ಫೆಬ್ರವರಿ 11, ಮಂಗಳವಾರ

ಬಂತು.

ನಾಲ್ಕು ಪುಟ. ತಿರಸ್ಕರಿಸಲಾಗಿದೆ. ಮೊದಲ ಎರಡು ಪುಟ ನಮ್ಮ ಅರ್ಜಿಯನ್ನೇ ನಮಗೆ ಓದಿ ಹೇಳಿದ್ದಾರೆ. ಮೂರನೇ ಪುಟದಲ್ಲಿ ವಿಷಯ — "ಅರ್ಜಿದಾರರ ತಜ್ಞರೇ ಒಪ್ಪಿಕೊಂಡಿರುವಂತೆ, ಸೋರಿಕೆಯ ಸಂಭವವನ್ನು ತಳ್ಳಿಹಾಕಲಾಗದು."

ಅರ್ಜಿದಾರರ ತಜ್ಞರೇ!

ಆರು ವರ್ಷ. ಎರಡು ಸಲ ಸರ್ವೆ ಹಡಗು. ಇವರು ಕೇಳಿದ ಪರೀಕ್ಷೆ ಮಾಡಿಸಿದೆವು, ಕೇಳದ್ದನ್ನೂ ಮಾಡಿಸಿದೆವು. "ಬನ್ನಿ, ಹೂಡಿ, ದೇಶ ಮುಂದೆ ಬರಬೇಕು" ಅಂತ ಮೂಗಿಗೆ ತುಪ್ಪ ಸವರಿದವರು ಇವರೇ. ಈಗ ಕೈ ತೊಳೆದುಕೊಂಡರು. ಎದುರಿಗೆ ಯಾವನಾದರೂ ಅಧಿಕಾರಿ ಇದ್ದಿದ್ದರೆ... ಇರಲಿಲ್ಲ. ಸ್ಟೇಪ್ಲರ್ ಎಸೆದೆ. ಅದು ಮುರಿಯಿತು, ನನ್ನದೇ.

ನವೆಂಬರಿನಲ್ಲಿ ಇಲಾಖೆಯ ಸಮಿತಿ ನಡೆಸಿದ ವಿಚಾರಣೆ ಕಣ್ಣಿಗೆ ಕಟ್ಟಿದ ಹಾಗಿದೆ. ಉದ್ದ ಮೇಜು, ನೀರಿನ ಬಾಟಲಿ, ಏಸಿಯ ಗುಂಯ್ ಸದ್ದು. ಭಾವನಿಗೆ ನಮ್ಮ ವಕೀಲ ಮೂರು ಸಲ ಪಾಠ ಮಾಡಿದ್ದ — ಸೋರುತ್ತಾ ಅಂತ ಕೇಳಿದರೆ "ಅಂಥ ಸಾಧ್ಯತೆ ಇಲ್ಲ" ಅನ್ನಿ, ಸಾಕು. ಭಾವ ತಲೆಯಾಡಿಸಿದ್ದರು. ಸಮಿತಿಯ ಹೆಂಗಸೊಬ್ಬರು ಕೇಳಿಯೇ ಬಿಟ್ಟರು. ಭಾವ ಕನ್ನಡಕ ತೆಗೆದರು, ಒರೆಸಿದರು. "ಎಲ್ಲಾ ಸರಿಯಾಗಿ ಮಾಡಿದ್ರೂ, ಬಾವಿ ಇರೋಷ್ಟು ಕಾಲದಲ್ಲಿ ಒಂದು ದೊಡ್ಡ ಸೋರಿಕೆ ಆಗೋದು — ನೂರರಲ್ಲಿ ಎರಡು."

ಆ ಹೆಂಗಸು ಬರೆದುಕೊಂಡರು.

ತಮಾಷೆ ಏನೆಂದರೆ ಅವತ್ತು ನಮಗೆ ಖುಷಿಯೇ ಆಗಿತ್ತು. ಐದರಲ್ಲಿ ಒಂದು ಅಂದರೆ ದುಡ್ಡು ಸುರಿದವರು ನಾವು. ನಮ್ಮ ಲೆಕ್ಕಕ್ಕೆ ನೂರರಲ್ಲಿ ಎರಡು ಅಂದರೆ ಏನೂ ಇಲ್ಲ. ಹೊರಗೆ ಬಂದು ಭಾವನ ಕೈ ಕುಲುಕಿದ್ದ ಟೈಲ್ಸ್. ನಾನು ಬೆನ್ನು ತಟ್ಟಿದ್ದೆ. ಎರಡು ಅನ್ನುವುದು ಸಮಿತಿಯವರ ಕಿವಿಗೆ ಹೇಗೆ ಕೇಳುತ್ತದೆ ಅಂತ ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.


ಫೆಬ್ರವರಿ 12

ಫೋನ್, ಫೋನ್, ಫೋನ್. ಟೈಲ್ಸ್ ಬಾಯಿಗೆ ಬಂದ ಹಾಗೆ ಬೈದ. ಮೊದಲು ಸರ್ಕಾರವನ್ನು, ಆಮೇಲೆ ನನ್ನನ್ನು, ಕೊನೆಗೆ ಭಾವನನ್ನು. ಗುಂಪಿನಲ್ಲಿರುವ ಡೆಂಟಿಸ್ಟ್ ಬೈಯಲಿಲ್ಲ. "ಹೋಗ್ಲಿ ಬಿಡಿ, ನಿಮ್ಮ ಬಿಪಿ ನೋಡ್ಕೊಳಿ" ಅಂದರು. ಅದು ಇನ್ನೂ ಕಷ್ಟ.

ಭಾವನಿಗೆ ಫೋನ್ ಮಾಡಲಿಲ್ಲ. ಮಾಡಿದರೆ ಏನಾದರೂ ಅಂದುಬಿಡುತ್ತೇನೆ.


ಫೆಬ್ರವರಿ 16, ಭಾನುವಾರ

ಅಂದುಬಿಟ್ಟೆ.

ಭಾನುವಾರದ ಊಟಕ್ಕೆ ಭಾವ ಎಂದಿನ ಹಾಗೆ ಬಂದರು. ಅವರ ಹೆಂಡತಿ ತೀರಿಕೊಂಡ ಮೇಲೆ ಒಂದು ಭಾನುವಾರವೂ ತಪ್ಪಿಸಿಲ್ಲ. ಕಾಗದ ಕೇಳಿ ತೆಗೆದುಕೊಂಡು, ಕಿಟಕಿ ಹತ್ತಿರ ನಿಂತು ನಾಲ್ಕೂ ಪುಟ ಓದಿದರು. ಮಡಚಿ ಕೊಟ್ಟರು.

"ಸರಿಯಾಗೇ ಬರ್ದಿದ್ದಾರೆ."

ಅಷ್ಟು ಸಾಕಾಯಿತು ನನಗೆ.

"ಇಲ್ಲ ಅಂತ ಒಂದು ಮಾತು ಹೇಳಕ್ಕೆ ಏನಾಗಿತ್ತು ಭಾವ? ಒಂದೇ ಮಾತು!"

"ಇಲ್ಲ ಅಂದ್ರೆ ಸೊನ್ನೆ ಅಂತ ಆಗುತ್ತೆ. ಸೊನ್ನೆ ಇದ್ದಿದ್ರೆ ಹೇಳ್ತಿರಲಿಲ್ವಾ? ನನಗೂ ಆ ಬಾವಿ ಬೇಕಿತ್ತು. ನಿಮಗಿಂತ ಜಾಸ್ತಿ ಬೇಕಿತ್ತು."

"ಮತ್ತೆ?"

"ಮತ್ತೆ ಏನು? ಎರಡು. ಎರಡು ಅಂದ್ರೆ ಎರಡೇ."

"ನಿಮ್ಮ ಎರಡಕ್ಕೆ ಬೆಂಕಿ ಹಾಕ!"

ಇವಳು ಅಡುಗೆಮನೆಯಿಂದ ಬಂದಳು. ಕೈಯಲ್ಲಿ ಸೌಟು. "ಊಟಕ್ಕೆ ಕೂತಾಗ ಸಮುದ್ರ ಬೇಡ. ಇಬ್ಬರಿಗೂ ಹೇಳ್ತಿದೀನಿ." ಕೂತೆವು. ಭಾವ ಅನ್ನ ಎರಡು ಸಲ ಹಾಕಿಸಿಕೊಂಡರು. ನಾನು ತಟ್ಟೆಯಲ್ಲಿ ಗೆರೆ ಎಳೆಯುತ್ತಾ ಕೂತೆ.


ಫೆಬ್ರವರಿ 20, ಗುರುವಾರ

ವಕೀಲನ ಆಫೀಸಿನಲ್ಲಿ ಮೀಟಿಂಗ್. ಕುರ್ಚಿ ಸಾಲದೆ ಇಬ್ಬರು ನಿಂತಿದ್ದರು. ಮೇಲ್ಮನವಿಗೆ ಮಾರ್ಚ್ ಹದಿಮೂರು ಕೊನೆ.

ವಕೀಲ ಹೇಳಿದ್ದು ಇಷ್ಟು. ಇಡೀ ಆದೇಶ ನಿಂತಿರುವುದು ತಜ್ಞನ ಆ ಒಂದು ಮಾತಿನ ಮೇಲೆ. ಅದನ್ನು ಕಿತ್ತರೆ ಆದೇಶ ಬೀಳುತ್ತದೆ. ಕೀಳುವುದು ಹೇಗೆ? ಅವರು ಹೇಳಿದ್ದಕ್ಕೆ ಆಧಾರವಿಲ್ಲ, ವಯಸ್ಸಾಗಿದೆ, ಮಾತಿನ ಮೇಲೆ ಹಿಡಿತ ತಪ್ಪಿದೆ, ನಮ್ಮ ಕಂಪನಿ ಅವರನ್ನು ಕೆಲಸದಿಂದ ತೆಗೆದಿದೆ — ಹೀಗೆ ಕೋರ್ಟಿಗೆ ಒಂದು ಅಫಿಡವಿಟ್. ಸಹಿ ನನ್ನದು. ನಾನು ಅರ್ಜಿದಾರ, ಮೇಲಾಗಿ ನೆಂಟ. ಮನೆಯವನೇ ಹೇಳಿದರೆ ತೂಕ ಜಾಸ್ತಿಯಂತೆ.

ಡೆಂಟಿಸ್ಟ್ ಕೈ ಎತ್ತಿದರು. "ಐದರಲ್ಲಿ ಒಂದು ಅಂದಿದ್ದೂ ಅವರೇ ತಾನೇ? ಅದೇ ಬಾಯಿ. ಅದಕ್ಕೆ ಹಿಡಿತ ಇತ್ತು, ಇದಕ್ಕೆ ತಪ್ಪಿತಾ?"

ವಕೀಲ ಪೆನ್ನಿನ ಕ್ಯಾಪ್ ಹಾಕಿ ತೆಗೆದು ಮಾಡಿದ.

ಟೈಲ್ಸ್ ನನ್ನ ಕಡೆ ತಿರುಗಿದ. "ಭಾವ ಅಂತ ಸುಮ್ನಿದೀರಾ? ನಮ್ಮನ್ನೆಲ್ಲ ಕರ್ಕೊಂಡು ಬಂದು ನೀರಿಗೆ ತಳ್ಳಿದ್ದು ನೀವು. ಈಗ ದಡದಲ್ಲಿ ನಿಂತು ನೆಂಟಸ್ತಿಕೆ ನೋಡ್ತೀರಾ? ನೀವು ಸಹಿ ಹಾಕಿ, ನೂರಕ್ಕೆ ನೂರು ಗೆಲ್ತೀವಿ."

ನೂರಕ್ಕೆ ನೂರು. ಇವನ ಬಾಯಲ್ಲಿ ಅದು ದಿನಕ್ಕೆ ಹತ್ತು ಸಲ ಬರುತ್ತದೆ.

ಯೋಚಿಸಿ ಹೇಳುತ್ತೇನೆ ಅಂದೆ. ಯೋಚಿಸುವುದು ಏನಿದೆ? ಸಹಿ ಹಾಕುವುದಿಲ್ಲ. ನಾನೇನು ಮನುಷ್ಯನಲ್ಲವಾ?


ಫೆಬ್ರವರಿ 28, ಶುಕ್ರವಾರ

ಇಲಾಖೆಗೇ ಹೋದೆ. ಇನ್ನೊಂದು ದಾರಿ ಇದ್ದೀತು ಅಂತ. ಮಧ್ಯಾಹ್ನದವರೆಗೆ ಕಬ್ಬಿಣದ ಬೆಂಚು. ಆಮೇಲೆ ಒಬ್ಬ ಹುಡುಗಪ್ರಾಯದ ಅಧಿಕಾರಿ. ತುಂಬಾ ಮರ್ಯಾದೆ. ಮರ್ಯಾದೆ ನೋಡಿಯೇ ಕೆಲಸ ಕೆಟ್ಟಿದೆ ಅಂತ ಗೊತ್ತಾಯಿತು.

"ನಿಮ್ಮ ಬೇಜಾರು ಅರ್ಥ ಆಗುತ್ತೆ ಸಾರ್. ಆದ್ರೆ ನಿಮ್ಮ ತಜ್ಞರೇ ಹೇಳಿದ್ಮೇಲೆ ನಾವೇನು ಮಾಡೋದು?"

"ಉಳಿದ ಕಂಪನಿಯವರೆಲ್ಲ ಇಲ್ಲ ಅಂತಾರಲ್ಲ, ಅವರದು ಸೋರಲ್ವಾ?"

"ಅವರು ಇಲ್ಲ ಅಂದಿದ್ದಾರೆ ಸಾರ್. ರೆಕಾರ್ಡಲ್ಲಿ ಇಲ್ಲ ಅಂತಾನೇ ಇದೆ."

ಗೋಡೆಗೆ ತಲೆ ಚಚ್ಚಿಕೊಳ್ಳಬೇಕು ಅನಿಸಿತು. ನಿಜ ಹೇಳಿದವನಿಗೆ ಇಲ್ಲ, ಹೇಳದವನಿಗೆ ತಗೋ. ಹೊರಗೆ ಬಂದು ಕಾರಿನಲ್ಲಿ ಕೂತು ಜೋರಾಗಿ ಕೂಗಿದೆ. ಪಕ್ಕದ ಕಾರಿನ ನಾಯಿ ಹೆದರಿತು.


ಮಾರ್ಚ್ 5, ಬುಧವಾರ

ಅಫಿಡವಿಟ್ಟಿನ ವಿಷಯ ಭಾವನಿಗೆ ಹೇಳಿಬಿಡೋಣ ಅಂತ ಕಲ್ಲಿನ ಗೋದಾಮಿಗೆ ಹೋದೆ. ಹಳೇ ಬಾವಿಗಳಿಂದ ತೆಗೆದ ಕಲ್ಲಿನ ಕಡ್ಡಿಗಳು, ಉದ್ದುದ್ದ ಟ್ರೇಗಳಲ್ಲಿ ಜೋಡಿಸಿಟ್ಟಿದ್ದಾರೆ, ಒಂದರ ಮೇಲೊಂದು ಮಾಡಿನವರೆಗೆ. ತಗಡಿನ ಮಾಡು, ಒಳಗೆ ಕಾವು. ಭಾವ ಒಂದು ತುಂಡನ್ನು ನಾಲಿಗೆಗೆ ಮುಟ್ಟಿಸಿ ಬೆಳಕಿಗೆ ಹಿಡಿದಿದ್ದರು. ಒದ್ದೆಯಾದರೆ ಕಲ್ಲಿನೊಳಗಿನ ಕಾಳು ಚೆನ್ನಾಗಿ ಕಾಣುತ್ತದಂತೆ. ಮದುವೆಯಾದ ಹೊಸತರಲ್ಲಿ ಇದನ್ನು ನೋಡಿ, ಇವರ ವಂಶದಲ್ಲಿ ಏನೋ ಇದೆ ಅಂತ ಗಾಬರಿಯಾಗಿದ್ದೆ.

ಬೇರೆಲ್ಲಿಂದಲೋ ಕರೆ ಬಂದಿದೆಯಂತೆ. ದೊಡ್ಡ ಕೆಲಸವಲ್ಲ. ಬೇರೆಯವರು ಹಾಕಿದ ಅಂದಾಜು ಸರಿಯಿದೆಯಾ ಅಂತ ನೋಡಿ ಹೇಳುವುದು.

"ಈ ವಯಸ್ಸಲ್ಲಿ ಯಾಕೆ ಕರೀತಾರೆ ಗೊತ್ತಾ ಭಾವ? ಇವನು ಹೇಳಿದ ನಂಬರ್ ಅಂದ್ರೆ ನಂಬಬಹುದು ಅಂತ. ನನ್ನ ಹತ್ರ ಉಳಿದಿರೋದು ಅದೊಂದೇ. ಅದೂ ಹೋದ್ರೆ, ಕಲ್ಲು ನೆಕ್ಕೋ ಮುದುಕ ಅಷ್ಟೇ."

ನಕ್ಕರು. ನಾನೂ ನಕ್ಕೆ. ಮಳೆಗಾಲದಲ್ಲಿ ಮಾಡು ಸೋರುತ್ತದಲ್ಲ, ರಿಪೇರಿ ಮಾಡಿಸಬೇಕು ಅಂದೆ. ಕಾರು ಹತ್ತಿ ಬಂದುಬಿಟ್ಟೆ.


ಮಾರ್ಚ್ 10, ಸೋಮವಾರ

ಸಹಿ ಹಾಕಿದೆ.


ಮಾರ್ಚ್ 11

ನಿನ್ನೆ ಬರೆಯಲು ಆಗಲಿಲ್ಲ. ಹೇಗಾಯಿತು ಅಂದರೆ — ಟೈಲ್ಸ್ ಬೈಯಲಿಲ್ಲ, ಅಳಲು ಶುರು ಮಾಡಿದ. ಅಷ್ಟು ದೊಡ್ಡ ಗಂಡಸು, ವಕೀಲನ ಸೋಫಾದಲ್ಲಿ ಕೂತು, ಒಂದು ಶೋರೂಂ ಮುಚ್ಚಿದೀನಿ ಕಣ್ರೀ ಅಂತ. ಅವನ ಅಳು ನೋಡಲಾಗಲಿಲ್ಲ. ಪೆನ್ನು ಕೈಯಲ್ಲಿತ್ತು.

ಅದೊಂದು ಕಾಗದ ಅಷ್ಟೇ. ಕೋರ್ಟಿನ ಭಾಷೆ, ಯಾರು ಓದುತ್ತಾರೆ? ಲೈಸೆನ್ಸ್ ಬಂದರೆ ಭಾವನ ಬಾವಿಯೇ ಕೊರೆಯುವುದು. ಅವರ ಮೂವತ್ತು ವರ್ಷಕ್ಕೆ ಅರ್ಥ ಬರುತ್ತದೆ. ಒಂದು ರೀತಿಯಲ್ಲಿ ಅವರಿಗಾಗಿಯೇ...

ಹೊಡೆದು ಹಾಕಿದೆ ಆ ಸಾಲು. ಮತ್ತೆ ಬರೆದೆ. ಇರಲಿ.

ಡೆಂಟಿಸ್ಟ್ ಬಂದಿರಲಿಲ್ಲ. ತಮ್ಮ ಪಾಲು ಹೋದರೆ ಹೋಗಲಿ, ಗುಂಪಿನಿಂದ ಹೆಸರು ತೆಗೆಯಿರಿ ಅಂತ ಮೆಸೇಜ್. ಇವಳಿಗೆ ಇನ್ನೂ ಹೇಳಿಲ್ಲ.


ಮಾರ್ಚ್ 16, ಭಾನುವಾರ

ಭಾವ ಊಟಕ್ಕೆ ಬಂದರು. ಇನ್ನೂ ಪ್ರತಿ ಹೋಗಿಲ್ಲ ಅಂತ ಕಾಣುತ್ತದೆ. ಅವರ ಹೆಸರಿರುವುದರಿಂದ ರಿಜಿಸ್ಟರ್ ಪೋಸ್ಟಿನಲ್ಲಿ ಒಂದು ಪ್ರತಿ ಕಳಿಸಲೇಬೇಕಂತೆ. ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ? ಗೊತ್ತಿಲ್ಲ.

ತುಂಬಾ ಗೆಲುವಾಗಿದ್ದರು. ಹೊಸ ಕೆಲಸ ಮುಂದಿನ ತಿಂಗಳಿಂದ. ಹೋಗುವಾಗ ನನ್ನ ಭುಜದ ಮೇಲೆ ಕೈ ಇಟ್ಟು, "ಸೊರಗಿದೀರಿ ಭಾವ, ತಲೆಗೆ ಹಚ್ಕೋಬೇಡಿ" ಅಂದರು.

ಆಮೇಲೆ ಇವಳು ಪಾತ್ರೆ ತೊಳೆಯುತ್ತಿದ್ದಳು. ನಾನು ಒರೆಸಿ ಇಡುತ್ತಿದ್ದೆ. ಬೆನ್ನು ಹಾಕಿಕೊಂಡೇ ಹೇಳಿದಳು.

"ಟೈಲ್ಸ್ ಹೆಂಡ್ತಿ ಹೋದ ತಿಂಗಳು ಸಿಕ್ಕಿದ್ರು. ಅಣ್ಣನ ಮೇಲೆ ನಿಮ್ಮ ಕೈಲಿ ಏನೋ ಬರೆಸ್ತಾರಂತೆ ಅಂದ್ರು."

ತಟ್ಟೆ ಕೈಯಲ್ಲೇ ಇತ್ತು.

"ನೇರ ಅಣ್ಣನ ಹತ್ರ ಹೋಗಿ ಹೇಳಿದೆ. ಅವನು ನಕ್ಕ. ಅವರಾ? ಅವರು ಸಹಿ ಹಾಕಲ್ಲ ಹೋಗು ಅಂದ. ಎಷ್ಟು ಪರ್ಸೆಂಟೋ ಅಂದೆ, ರೇಗಿಸೋಕೆ."

ನಲ್ಲಿ ನಿಲ್ಲಿಸಿದಳು.

"ಕನ್ನಡಕಾನೂ ಒರೆಸ್ಲಿಲ್ಲ ಕಣ್ರೀ. ನೂರು ಅಂದ. ಸರಿಯಾಗಿ ಕೇಳಿಸ್ಲಿಲ್ಲ ಅಂತ ಇನ್ನೊಂದ್ಸಲ ಕೇಳಿದೆ. ನೂರು, ಬರ್ಕೋ ಅಂದ."

ತಿರುಗಿ ನನ್ನ ಮುಖ ನೋಡಿದಳು. "ಹಾಕಿಲ್ಲ ತಾನೇ?"

ಹಾಕಿಲ್ಲ ಅಂದೆ.


ಮಾರ್ಚ್ 18, ಮಂಗಳವಾರ, ಬೆಳಗ್ಗೆ 11

ಈಗಷ್ಟೇ ವಕೀಲನ ಫೋನ್. ಪ್ರತಿ ತಲುಪಿದೆಯಂತೆ. ಒಂಬತ್ತೂವರೆಗೆ ಭಾವ ತಾವೇ ಸಹಿ ಹಾಕಿ ತೆಗೆದುಕೊಂಡಿದ್ದಾರೆ. ಕೇಸು ಗಟ್ಟಿಯಾಗಿದೆ ಸಾರ್, ಇನ್ನೇನೂ ಯೋಚನೆ ಇಲ್ಲ ಅಂದ. ಟೈಲ್ಸ್ ಹೂಗುಚ್ಛ ಕಳಿಸಿದ್ದಾನೆ. ಟೇಬಲ್ ಮೇಲಿದೆ. ಎಲ್ಲಿಡಬೇಕೋ ತಿಳಿಯುತ್ತಿಲ್ಲ.

ಮನೆಯಿಂದ ಇವಳ ಮಿಸ್ಡ್ ಕಾಲ್. ಎರಡು. ಮೂರು.

ನಾಚಿಕೆಯಾಗುತ್ತಿದೆ. ಬರೆದರೆ ಕಮ್ಮಿಯಾಗುತ್ತದೇನೋ ಅಂತ ಬರೆಯುತ್ತಿದ್ದೇನೆ. ಆಗುತ್ತಿಲ್ಲ.

ಮೆಟ್ಟಿಲ ಮೇಲೆ ಸದ್ದು. ಲಿಫ್ಟ್ ಸರಿಯಿದೆ ಇವತ್ತು, ಆದರೂ ಯಾರೋ ಮೆಟ್ಟಿಲಲ್ಲಿ. ನಿಧಾನ. ಒಂದೊಂದು ಮಹಡಿಗೂ ನಿಂತು ಉಸಿರು ತೆಗೆದುಕೊಂಡು...

ಅವರೇ. ಗಾಜಿನಾಚೆ ನಿಂತಿದ್ದಾರೆ. ಕೈಯಲ್ಲಿ ಕಾಗದ. ಒಳಗೆ ಬರುತ್ತಿಲ್ಲ. ಎದ್ದು ಬಾಗಿಲು ತೆಗೆಯಬೇಕು. ಬರೆಯುತ್ತಲೇ ಇದ್ದೇನೆ. ನನ್ನನ್ನೇ ನೋಡುತ್ತಿದ್ದಾರೆ. ಈಗ ಕನ್ನಡಕ ತೆಗೆದು, ಅಂಗಿಯ ಅಂಚಿನಲ್ಲಿ