ಹದಿನಾರು ಅಕ್ಷರದಲ್ಲಿ ನಮ್ಮೂರು

ಚನ್ನರಾಯಪಟ್ಟಣ
ಫೆಬ್ರವರಿ ಮೂವತ್ತು, ೨೩೯೧

ತೆಂಗಿನಗರಿ ಹೋಸ್ಟಿಂಗ್ ಸೆಂಟರಿನ ಶ್ರೀ ತಮ್ಮಯ್ಯಣ್ಣನವರಿಗೆ ದೇವೀರಮ್ಮನ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ಫೆಬ್ರವರಿಗೆ ದಿನ ಸೇರಿಸಿ ನೂರು ವರ್ಷವಾಯಿತು. ನಿಮ್ಮ ಕಾಲದ ಕನ್ನಡವನ್ನು ನಾನು ಹಳೆಯ ಲಗ್ನಪತ್ರಿಕೆಗಳನ್ನು ಓದಿ ಕಲಿತೆ. ನಡುವೆ ಎಲ್ಲಾದರೂ "ಸಕುಟುಂಬ ಸಮೇತರಾಗಿ ಆಗಮಿಸಿ" ಎಂದು ನುಸುಳಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ನೀವು ಇವತ್ತು ಊರಿನವರ ಪಟ್ಟಿಗೆಂದು ಒಂದು ವೆಬ್‌ಸೈಟ್ ಕಟ್ಟಲು ಕೂತಿದ್ದೀರಿ. ಒಬ್ಬೊಬ್ಬರಿಗೂ ಒಂದು ಡೇಟಾಬೇಸ್ ಯೂಸರ್‌ನೇಮ್. ಅದು ಇಂಗ್ಲಿಷಿನ ಹದಿನಾರು ಅಕ್ಷರ ದಾಟುವಂತಿಲ್ಲ. ದಾಟಿದ್ದನ್ನು ನಿಮ್ಮ ಯಂತ್ರ ಸದ್ದಿಲ್ಲದೆ ಕತ್ತರಿಸುತ್ತದೆ. ಹೆಸರಿನ ಮುಂದೆ ಊರಿಲ್ಲದಿದ್ದರೆ ನಮ್ಮವರಿಗೆ ಉಂಡ ಅನ್ನ ಮೈಗೆ ಹತ್ತುವುದಿಲ್ಲವಲ್ಲ! ನೀವೂ ಅಭಿಮಾನದಿಂದ ಊರನ್ನು ಪೂರ್ತಿಯಾಗಿ ಮುಂದೆ ಕೂರಿಸಿದಿರಿ. ಚನ್ನರಾಯಪಟ್ಟಣಕ್ಕೇ ಹದಿನೈದು ಅಕ್ಷರ, ಊರನ್ನೂ ಹೆಸರನ್ನೂ ಬೇರ್ಪಡಿಸುವ ಅಡಿಗೆರೆಗೆ (_) ಒಂದು. ಮನುಷ್ಯರ ಪಾಲಿಗೆ ಸೊನ್ನೆ.

ಆ ಪಟ್ಟಿಯೇ ಬೆಳೆದು ಈಗ "ಗುರುತುಗೂಡು" ಆಗಿದೆ. ಬದುಕಿದ್ದೇವೆ ಎನ್ನಬೇಕಾದರೆ ಅದರಲ್ಲಿ ಇರಬೇಕು. ಅದರ ಪ್ರಕಾರ ನಾವು ನಲವತ್ತು ಸಾವಿರ ಜನ ಸೇರಿ ಒಬ್ಬರು. ಹಲ್ಲು ಕೀಳಿಸಲು ಹೋದರೆ, ನಿಮ್ಮ ಮೂವತ್ತೆರಡೂ ಹೋದ ವರ್ಷವೇ ಕಿತ್ತಾಗಿದೆ ಎಂದು ವಾಪಸು ಕಳಿಸುತ್ತಾರೆ. ಯಾರಿಗೋ ಜ್ವರ ಬಂದರೆ ಊರಿಗೆಲ್ಲ ಸೂಜಿ. ತಿಪಟೂರಿನವರಿಗೆ ಒಂಬತ್ತು ಅಕ್ಷರ ಉಳಿದಿವೆ, ಹೆಸರಿಟ್ಟುಕೊಂಡು ಮೆರೆಯುತ್ತಾರೆ. ನನಗಂತೂ ಹೊಟ್ಟೆ ಉರಿಯುತ್ತದೆ.

ಹೋದ ಸೋಮವಾರ ನಾನೂ ನಮ್ಮೂರಿನ ಬೋರಲಿಂಗನೂ ಮದುವೆ ನೋಂದಾಯಿಸಲು ಹೋದೆವು. ಗುಮಾಸ್ತರು ಪರದೆ ನೋಡಿ, "ಒಬ್ಳೇ ಬಂದಿದ್ದೀಯಲ್ಲವ್ವಾ, ಗಂಡೆಲ್ಲಿ?" ಎಂದರು.

"ಇಲ್ಲೇ ನಿಂತಿವ್ನಲ್ಲ ಸ್ವಾಮಿ, ಕಣ್ ಕಾಣಕಿಲ್ವಾ?" ಎಂದ ಬೋರಲಿಂಗ.

"ನಂಗೆ ಕಾಣ್ತೀಯ ಕಣಪ್ಪ, ಗೂಡಿಗೆ ಕಾಣಲ್ಲ. ತನ್ನನ್ನ ತಾನೇ ಮದ್ವೆ ಆಗೋಕೆ ಕಾನೂನಿಲ್ಲ."

ಅವನ ತಾಯಿ ಈಗ ತಿಪಟೂರಿನ ಹುಡುಗಿಯನ್ನು ನೋಡಿಟ್ಟಿದ್ದಾರೆ. ಬರುವ ತಿಂಗಳು ನಿಶ್ಚಿತಾರ್ಥ. ನನಗೆ ಅವನೇ ಬೇಕು, ಇದರಲ್ಲಿ ಮುಚ್ಚುಮರೆ ಏನು?

ಆದ್ದರಿಂದ ಅಣ್ಣಾ, ಊರನ್ನು ಸಿ.ಆರ್.ಪಿ. ಎಂದು ಮೂರೇ ಅಕ್ಷರಕ್ಕೆ ಇಳಿಸಿ. ಅಡಿಗೆರೆ ಹೋಗಿ ಹನ್ನೆರಡು ಉಳಿಯುತ್ತವೆ. ಅದರಲ್ಲಿ ನನ್ನ ಹೆಸರೂ ಹಿಡಿಸುತ್ತದೆ, ಅವನದೂ ಹಿಡಿಸುತ್ತದೆ.

ಒಂದು ಸಂಕಟ ಮಾತ್ರ ಇದೆ. ನಾವಿಬ್ಬರೂ ಸಿಕ್ಕಿದ್ದೇ ನಿಮ್ಮ ತಪ್ಪಿನಿಂದ. ಒಂದು ಮಧ್ಯಾಹ್ನ ಊಟದ ಮನೆಯ ಬಾಗಿಲು ನನ್ನನ್ನು ತಡೆದು, ನಿಮ್ಮದು ಆಗಲೇ ಊಟವಾಯಿತು ಎಂದಿತು. ನನ್ನ ಊಟ ಉಂಡವನು ಯಾರೆಂದು ಜಗಳಕ್ಕೆ ನುಗ್ಗಿದೆ. ಬೋರಲಿಂಗ ಅರ್ಧ ಮುದ್ದೆ ಮುರಿದು ನನ್ನ ಕಡೆ ಸರಿಸಿದ. ನೀವು ಸರಿಪಡಿಸಿದರೆ ಆ ಜಗಳವೇ ಆಗುವುದಿಲ್ಲ. ಅವನ ಪಾಡಿಗೆ ಅವನು ಉಂಡು ಎದ್ದು ಹೋಗುತ್ತಾನೆ. ಇದನ್ನು ನೆನೆದು ಮೂರು ಪತ್ರ ಹರಿದು ಹಾಕಿದೆ, ಅತ್ತೂಬಿಟ್ಟೆ.

ಆದರೂ ಸರಿಪಡಿಸಿ. ಆಗ ಅವನಿಗೊಂದು ಹೆಸರಿರುತ್ತದೆ. ನಾನು ಬೀದಿ ಬೀದಿಯಲ್ಲಿ ಕೇಳಿಕೊಂಡಾದರೂ ಹೋಗುತ್ತೇನೆ.